ಅಟ್ಟ ಬರಿದಾದರೆ ಸಾಲದು, ಆಸೆಗೂ ಅಳತೆ ಬೇಕು

ಮನೆಗೆ ಸುಣ್ಣಬಣ್ಣ ಬಳಿಸುವಾಗಲೋ, ಹಿರಿಯರು ತಾವು ಬಾಳಿದ ಮನೆಯನ್ನು ಬಿಟ್ಟು ಮಕ್ಕಳಿರುವ ಊರಿಗೆ ಹೊರಡುವಾಗಲೋ ಅಟ್ಟದ ಮೇಲಿದ್ದುದು, ಮಂಚದ ಕೆಳಗಿದ್ದುದು, ಬೀರುವಿನ ಒಳಗಿದ್ದುದು ಎಲ್ಲವೂ ಒಮ್ಮೆಲೇ ನಡುಮನೆಗೆ ಬಂದು ಬೀಳುತ್ತದೆ. ಬಳೆ ಕಳಚಿದ ಹಿತ್ತಾಳೆಯ ಹಂಡೆ, ಎಂದೋ ನಿಂತುಹೋದ ಗಡಿಯಾರ, ಯಾವ ಯಂತ್ರಕ್ಕೆ ಸೇರಿದವೆಂದು ತಿಳಿಯದ ತಂತಿಗಳು, ಅರಿಸಿನ ಕುಂಕುಮದಲ್ಲಿ ಬಂದು ಮತ್ತೊಬ್ಬರಿಗೆ ಹೋಗಲು ಕಾದಿರುವ ರವಿಕೆಯ ಖಣಗಳು, ಮುಯ್ಯಿಯಾಗಿ ಬಂದು ಒಮ್ಮೆಯೂ ಒಲೆಗೇರದ ಸ್ಟೀಲಿನ ಪಾತ್ರೆಗಳು, ತೀರಿಹೋದವರ ಕನ್ನಡಕ. ಇವುಗಳಲ್ಲಿ ಒಂದೊಂದೂ ಮನೆಗೆ ಬಂದ ದಿನ ಬೇಕಾದುದೇ ಆಗಿತ್ತು. ಬೇಡವಾದ ದಿನ ಯಾವುದೆಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಇಂತಹ ದಿನ ಸಾಮಾನ್ಯವಾಗಿ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಇಟ್ಟುಕೊಳ್ಳುವುದೋ, ಹೊರಗೆ ಹಾಕುವುದೋ? ಗುಜರಿಯವನು ಬಂದು ತೂಕ ಹಾಕಿಕೊಂಡು ಹೋದರೆ ಮನೆ ಹಗುರವಾಯಿತೆಂದು ಉಸಿರು ಬಿಡುತ್ತೇವೆ. ಆದರೆ ಎರಡು ವರ್ಷ ಕಳೆಯುವುದರೊಳಗೆ ಅದೇ ಅಟ್ಟ ಮತ್ತೆ ತುಂಬಿರುತ್ತದೆ. ಹೊರಗೆ ಹೋದುದು ವಸ್ತು. ಅದನ್ನು ಒಳಗೆ ತಂದ ಮನಸ್ಸು ಇದ್ದಲ್ಲಿಯೇ ಇದೆ. ಜೈನಾಚಾರ್ಯರು ಪರಿಗ್ರಹವನ್ನು ಕುರಿತು ಹೇಳುವಾಗ ಬೆರಳಿಟ್ಟು ತೋರಿಸಿದ ಸ್ಥಳ ಇದೇ. ಶ್ರಾವಕನಿಗೆ ಅವರು ಮನೆಯನ್ನು ಬರಿದು ಮಾಡೆಂದು ಹೇಳಲಿಲ್ಲ, ಅಳತೆ ಮಾಡಿಕೊ ಎಂದರು. ಆ ವ್ರತದ ಹೆಸರೇ ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ತಮ್ಮ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದಕ್ಕೆ ಇನ್ನೂ ಒಂದು ಹೆಸರನ್ನು ಕೊಡುತ್ತಾರೆ: ಇಚ್ಛಾ ಪರಿಮಾಣ. ಅಳತೆ ಬೇಕಾಗಿರುವುದು ಕಪಾಟಿಗೆ ಮಾತ್ರವಲ್ಲ, ಇಚ್ಛೆಗೂ ಬೇಕು ಎಂಬುದನ್ನು ಆ ಹೆಸರೇ ತಿಳಿಸುತ್ತದೆ.

ಪರಿಗ್ರಹವೆಂದರೆ ಯಾವುದು?

ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹಕ್ಕೆ ಕೊಡುವ ಲಕ್ಷಣ ಬಹಳ ಚಿಕ್ಕದು. ಅವರ ದೃಷ್ಟಿಯಲ್ಲಿ ಮೂರ್ಛೆಯೇ ಪರಿಗ್ರಹ. ಮೂರ್ಛೆ ಹೋದವನಿಗೆ ತನ್ನ ಸುತ್ತ ಏನಿದೆಯೆಂಬ ಎಚ್ಚರವಿರುವುದಿಲ್ಲ. ‘ನನ್ನದು’ ಎಂಬ ಭಾವವೂ ಅಂತಹದೇ ಒಂದು ಮೈಮರೆವು. ವಸ್ತು ಹೊರಗಿನದು, ನಾನು ಬೇರೆ ಎಂಬ ಅರಿವು ಆ ಕ್ಷಣದಲ್ಲಿ ಮುಚ್ಚಿಹೋಗುತ್ತದೆ.

ಬಾಹ್ಯ ಪರಿಗ್ರಹ ಹತ್ತು ಬಗೆಯದೆಂದು ಶಾಸ್ತ್ರ ಎಣಿಸುತ್ತದೆ. ಹೊಲ, ಮನೆ, ಬೆಳ್ಳಿ, ಬಂಗಾರ, ಗೋಧನ, ಧಾನ್ಯ, ದಾಸಿಯರು, ದಾಸರು, ಬಟ್ಟೆಬರೆ, ಪಾತ್ರೆಪಡಗ. ಇದನ್ನು ಓದುವಾಗ ಹಳೆಯ ಕಾಲದ ಒಂದು ತುಂಬಿದ ಮನೆಯ ಪಟ್ಟಿಯೇ ಕಣ್ಣ ಮುಂದೆ ಬಂದಂತಾಗುತ್ತದೆ. ಕೊನೆಯ ಎರಡನ್ನು ಗಮನಿಸಬೇಕು. ಬಂಗಾರ, ಭೂಮಿಗಳ ಸಾಲಿನಲ್ಲಿಯೇ ಬಟ್ಟೆಯೂ ಪಾತ್ರೆಯೂ ಕುಳಿತಿವೆ. ಬೆಲೆ ಕಡಿಮೆಯೆಂದು ಅವುಗಳಿಗೆ ವಿನಾಯಿತಿಯಿಲ್ಲ. ಇಂದು ನಮ್ಮ ಮನೆಗಳನ್ನು ಇಕ್ಕಟ್ಟಾಗಿಸಿರುವುದು ಬಹುಮಟ್ಟಿಗೆ ಈ ಎರಡೇ.

ಅಂತರಂಗದ ಪರಿಗ್ರಹ ಹದಿನಾಲ್ಕು ಬಗೆ. ಮಿಥ್ಯಾತ್ವ ಒಂದು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ನಾಲ್ಕು, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು ಸೇರಿ ನೋಕಷಾಯಗಳು ಒಂಬತ್ತು. ಅಟ್ಟದಿಂದ ಇಳಿಸಿದ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಈ ಪಟ್ಟಿಯನ್ನು ನೆನೆದರೆ, ಅದು ಇಷ್ಟು ದಿನ ಏಕೆ ಉಳಿಯಿತೆಂಬುದು ತಿಳಿಯುತ್ತದೆ. ‘ನಾಳೆ ಬೇಕಾದೀತು’ ಎಂದು ಇಟ್ಟ ಡಬ್ಬಿಗಳ ಹಿಂದೆ ಭಯವಿದೆ. ಬಂದವರ ಕಣ್ಣಿಗೆ ಬೀಳಲೆಂದು ಜೋಡಿಸಿದ ಗಾಜಿನ ಸಾಮಾನುಗಳ ಹಿಂದೆ ಮಾನವಿದೆ. ಅರ್ಧ ಬೆಲೆಗೆ ಸಿಕ್ಕಿತೆಂದು ತಂದು ಮಡಿಕೆ ಬಿಚ್ಚದೆ ಇರಿಸಿದ ಸೀರೆಯ ಹಿಂದೆ ಲೋಭವಿದೆ. ತೀರಿಹೋದವರ ಕನ್ನಡಕವನ್ನು ತೆಗೆಯಲಾರದ ಕೈಯ ಹಿಂದೆ ಶೋಕವಿದೆ. ಕಾರಣ ಬೇರೆ ಬೇರೆಯಾದುದರಿಂದ ಬಿಡುಗಡೆಯ ದಾರಿಯೂ ಬೇರೆ ಬೇರೆ. ಲೋಭದಿಂದ ಉಳಿದುದನ್ನು ಇಂದೇ ಕೊಡಬಹುದು. ಶೋಕದಿಂದ ಉಳಿದುದಕ್ಕೆ ಕಾಲ ಬೇಕು.

ಮೀಸೆಗೆ ಅಂಟಿದ ಬೆಣ್ಣೆ

ಪರಿಗ್ರಹ ದೊಡ್ಡ ಸಿರಿವಂತರ ರೋಗ, ನಮ್ಮ ಮನೆಯಲ್ಲಿ ಏನಿದೆ ಮಹಾ ಎಂದುಕೊಳ್ಳುವವರಿಗಾಗಿಯೇ ಜೈನ ಪರಂಪರೆ ಒಂದು ಕಥೆಯನ್ನು ಉಳಿಸಿಕೊಂಡು ಬಂದಿದೆ. ಪರಿಗ್ರಹದ ಕೇಡಿಗೆ ಸಮಂತಭದ್ರರು ಉದಾಹರಣೆಯಾಗಿ ಹೆಸರಿಸುವುದು ಶ್ಮಶ್ರುನವನೀತನೆಂಬವನನ್ನು. ಆ ಗ್ರಂಥಕ್ಕೆ ಸಂಸ್ಕೃತ ಟೀಕೆಯನ್ನು ಬರೆದ ಪ್ರಭಾಚಂದ್ರರು ಅವನ ಕಥೆಯನ್ನು ಬಿಡಿಸಿ ಹೇಳುತ್ತಾರೆ.

ವ್ಯಾಪಾರಕ್ಕೆಂದು ಹೋಗಿ ಗಳಿಸಿದ್ದನ್ನೆಲ್ಲ ಕಳ್ಳರ ಪಾಲು ಮಾಡಿದ ಒಬ್ಬ ವಣಿಕ, ಬರಿಗೈಯಲ್ಲಿ ಹಿಂದಿರುಗುವಾಗ ಗೋವಳರ ಬಳಿ ಮಜ್ಜಿಗೆ ಬೇಡಿ ಕುಡಿದ. ಮೀಸೆಗೆ ಒಂದಿಷ್ಟು ಬೆಣ್ಣೆ ಅಂಟಿತು. ಅದನ್ನು ಒರೆಸಿ ತೆಗೆದು, ಇದರಿಂದಲೇ ಮತ್ತೆ ವ್ಯಾಪಾರ ಹೂಡಬಹುದಲ್ಲ ಎಂದುಕೊಂಡ. ಅಂದಿನಿಂದ ದಿನವೂ ಹಾಗೆಯೇ ಕೂಡಿಡತೊಡಗಿದ. ಮೀಸೆಯ ಬೆಣ್ಣೆಯವನೆಂದೇ ಹೆಸರಾದ. ಒಂದು ಪಾತ್ರೆ ತುಂಬುವಷ್ಟು ತುಪ್ಪವಾದಾಗ ಅದನ್ನು ಹುಲ್ಲಿನ ಗುಡಿಸಲಿನಲ್ಲಿ ತನ್ನ ಕಾಲಿನ ದಿಕ್ಕಿಗೆ ತೂಗುಹಾಕಿದ. ಚಳಿಗಾಲದ ರಾತ್ರಿ. ಕಾಲ ಬಳಿ ಬೆಂಕಿ ಮಾಡಿಕೊಂಡು ಮಲಗಿ ಎಣಿಸುತ್ತ ಹೋದ. ತುಪ್ಪ ಮಾರಿ ಸರಕು, ಸರಕು ಮಾರಿ ಸಂಪತ್ತು, ಸಂಪತ್ತಿನಿಂದ ಸಾಮಂತಪದವಿ, ಅರಸುತನ, ಏಳು ಉಪ್ಪರಿಗೆಯ ಅರಮನೆ, ಕಾಲೊತ್ತಲು ಬಂದ ರಾಣಿ. ಅವಳನ್ನು ಸಲುಗೆಯಿಂದ ಒದೆಯುವಂತೆ ಕಾಲನ್ನು ಎತ್ತಿದ. ಪಾತ್ರೆ ಬೆಂಕಿಗೆ ಬಿತ್ತು. ಗುಡಿಸಲಿನೊಡನೆ ಅವನೂ ಸುಟ್ಟುಹೋದ.

ಈ ಕಥೆಯಲ್ಲಿ ಬಂಗಾರವಿಲ್ಲ, ಭೂಮಿಯಿಲ್ಲ. ಇರುವುದು ಒಂದು ಪಾತ್ರೆ ತುಪ್ಪ. ಕೂಡಿಟ್ಟುದು ಅಲ್ಪವಾದರೂ ಅದರ ಸುತ್ತ ಕಟ್ಟಿದ ಕನಸಿಗೆ ಗಡಿಯಿರಲಿಲ್ಲ. ನಮ್ಮ ಮನೆಯ ಅನೇಕ ವಸ್ತುಗಳು ಹೀಗೆಯೇ ಒಂದೊಂದು ನಾಳೆಯ ಹೆಸರಿನಲ್ಲಿ ನಿಂತಿವೆ. ಮುಂದೆ ಹಾಡು ಕಲಿಯುವ ಮಗುವಿಗೆಂದು ಹಾರ್ಮೋನಿಯಂ, ತೂಕ ಇಳಿದ ಮೇಲೆ ತೊಡಲೆಂದು ಬಟ್ಟೆ, ದೊಡ್ಡ ಮನೆ ಕಟ್ಟಿದಾಗ ಬೇಕಾಗುತ್ತದೆಂದು ಪೀಠೋಪಕರಣ. ಆ ನಾಳೆ ಬರುವುದೋ ಇಲ್ಲವೋ, ಇಂದಿನ ಜಾಗವನ್ನಂತೂ ಅದು ಆಕ್ರಮಿಸಿಕೊಂಡಿದೆ.

ರಾಶಿಯ ಕೆಳಗಿನ ಜೀವಗಳು

ಮನೆಯನ್ನು ಅಚ್ಚುಕಟ್ಟಾಗಿ ಇಡುವುದು ಜೈನ ಗೃಹಸ್ಥನಿಗೆ ಅಂದಚೆಂದದ ಪ್ರಶ್ನೆಯಷ್ಟೇ ಆಗಲಾರದು. ಅಹಿಂಸೆಯೊಡನೆ ಅದಕ್ಕೆ ನೇರವಾದ ಸಂಬಂಧವಿದೆ. ವರ್ಷಗಟ್ಟಲೆ ಅಲುಗದ ಕಾಗದದ ಕಟ್ಟಿಗೆ ಗೆದ್ದಲು ಬರುತ್ತದೆ, ಕತ್ತಲ ಮೂಲೆಯಲ್ಲಿ ಜಿರಲೆ ಮೊಟ್ಟೆಯಿಡುತ್ತದೆ, ಹಳೆಯ ಹಾಸಿಗೆಯ ಹತ್ತಿಯಲ್ಲಿ ಇಲಿ ಮರಿ ಹಾಕುತ್ತದೆ. ಆಮೇಲೆ ಒಂದು ದಿನ ನಾವು ಔಷಧಿ ಸಿಂಪಡಿಸುತ್ತೇವೆ. ಮೂರು ಇಂದ್ರಿಯದ ಇರುವೆಯಿಂದ ಹಿಡಿದು ಐದು ಇಂದ್ರಿಯದ ಇಲಿಯವರೆಗೆ ಎಷ್ಟೋ ಜೀವಗಳು ನಮ್ಮ ಅಲಕ್ಷ್ಯಕ್ಕೆ ಬಲಿಯಾಗುತ್ತವೆ. ಮೊದಲೇ ಜಾಗ ತೆರವಾಗಿದ್ದಿದ್ದರೆ ಅವು ಅಲ್ಲಿ ಮನೆ ಮಾಡುತ್ತಲೇ ಇರಲಿಲ್ಲ. ಕೂಡಿಡುವಿಕೆಗೂ ಹಿಂಸೆಗೂ ಇರುವ ನಂಟು ಇಷ್ಟು ಹತ್ತಿರದ್ದು.

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿ ಒಂದು. ಯಾವುದೇ ವಸ್ತುವನ್ನು ಎತ್ತಿಕೊಳ್ಳುವಾಗ ಮತ್ತು ಇಡುವಾಗ ನೋಡಿ, ಮೃದುವಾಗಿ ಒರೆಸಿ, ಜೀವಿಗಳಿಗೆ ಬಾಧೆಯಾಗದಂತೆ ನಡೆದುಕೊಳ್ಳುವುದು ಅದರ ಅರ್ಥ. ದಿಗಂಬರ ಮುನಿಗಳ ಬಳಿ ಇರುವ ಉಪಕರಣಗಳು ಮೂರೇ. ಸಂಯಮಕ್ಕೆ ನವಿಲುಗರಿಯ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಪ್ರತಿಯೊಂದಕ್ಕೂ ಒಂದು ಕೆಲಸವಿದೆ. ಕೆಲಸವಿಲ್ಲದ ನಾಲ್ಕನೆಯದು ಇಲ್ಲ. ಗೃಹಸ್ಥನ ಮನೆ ಮೂರು ವಸ್ತುಗಳಿಂದ ನಡೆಯದು, ನಿಜ. ಆದರೆ ‘ಇದಕ್ಕೆ ಏನು ಕೆಲಸ?’ ಎಂಬ ಪ್ರಶ್ನೆಯನ್ನು ಅವನೂ ಕೇಳಬಹುದು. ಎತ್ತಿಕೊಂಡುದನ್ನು ಅದರ ಜಾಗದಲ್ಲಿಯೇ ನೋಡಿ ಇಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬಹುದು. ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಜಾಗವಿದ್ದು, ಆ ಜಾಗದ ಅಡಿಯನ್ನು ಗುಡಿಸಲು ಬರುವಂತಿದ್ದರೆ ಸಮಿತಿಯ ಮೊದಲ ಪಾಠ ಕಲಿತಂತೆ.

ಅಟ್ಟ ಇಳಿಸುವ ದಿನಕ್ಕೂ ಇದೇ ಎಚ್ಚರ ಸಲ್ಲುತ್ತದೆ. ಹಗಲಿನ ಬೆಳಕಿನಲ್ಲಿ, ಅವಸರವಿಲ್ಲದೆ, ಒಂದೊಂದು ಮೂಲೆಯನ್ನಾಗಿ ತೆಗೆಯಬೇಕು. ರಾಶಿಯನ್ನು ಒಮ್ಮೆಲೇ ಎಳೆದು ಕೆಡವುವ ಬದಲು ಮೇಲಿನಿಂದ ಒಂದೊಂದಾಗಿ ಎತ್ತಬೇಕು. ಗೂಡು ಕಟ್ಟಿದ ಜೇಡವನ್ನು, ಮರಿಯಿಟ್ಟ ಅಳಿಲನ್ನು ಕಂಡರೆ ಆ ಮೂಲೆ ಕೆಲವು ದಿನ ಕಾಯಲಿ.

ಯಾರ ವಸ್ತು, ಯಾರ ತ್ಯಾಗ?

ಮನೆಯನ್ನು ಹಗುರಮಾಡುವ ಕೆಲಸದಲ್ಲಿ ಅತ್ಯಂತ ನೋವಿನ ಭಾಗ ಇನ್ನೊಂದಿದೆ. ಮನೆ ಒಬ್ಬರದಲ್ಲ. ಮಗನಿಗೆ ಕಸವಾಗಿ ಕಾಣುವ ತಗಡಿನ ಟ್ರಂಕು ತಾಯಿಗೆ ತವರಿನ ನೆನಪು. ಸೊಸೆಗೆ ಅಡ್ಡವಾಗಿರುವ ಒರಳುಕಲ್ಲು ಅತ್ತೆಗೆ ನಲವತ್ತು ವರ್ಷಗಳ ದುಡಿಮೆ. ಹಿರಿಯರು ಯಾತ್ರೆಗೋ ಮಗಳ ಮನೆಗೋ ಹೋದ ವಾರದಲ್ಲಿ ಎಲ್ಲವನ್ನೂ ಸಾಗಿಸಿಬಿಟ್ಟರೆ ಕೆಲಸ ಸುಲಭವೆಂದು ಎಷ್ಟೋ ಮಕ್ಕಳು ಭಾವಿಸುತ್ತಾರೆ. ಹಿಂದಿರುಗಿದವರು ಬರಿದಾದ ಮೂಲೆಯನ್ನು ನೋಡಿ ಏನೂ ಮಾತನಾಡದೆ ಕುಳಿತುಬಿಡುತ್ತಾರೆ. ಆ ಮೌನ ಬಹುಕಾಲ ಮುರಿಯುವುದಿಲ್ಲ.

ಇಲ್ಲಿ ಅಸ್ತೇಯ ವ್ರತವನ್ನು ನೆನೆಯಬೇಕು. ಜೈನ ದರ್ಶನದಲ್ಲಿ ಕಳ್ಳತನದ ಲಕ್ಷಣ ಅದತ್ತಾದಾನ, ಎಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ತೆಗೆದುಕೊಂಡವನು ತಾನೇ ಬಳಸಿದನೋ, ಮಾರಿದನೋ, ಎಸೆದನೋ ಎಂಬುದು ಆಮೇಲಿನ ಮಾತು. ಕೊಡದೆ ಇದ್ದುದಕ್ಕೆ ಕೈ ಹಾಕಿದಾಗಲೇ ವ್ರತಕ್ಕೆ ಊನ ಬಂತು. ದಾನದ ಲಕ್ಷಣವನ್ನು ಹೇಳುವಾಗಲೂ ಉಮಾಸ್ವಾಮಿಗಳು ‘ತನ್ನದನ್ನು’ ಕೊಡುವುದೆಂಬ ಅಂಶವನ್ನು ಬಿಡದೆ ಸೇರಿಸಿದ್ದಾರೆ. ಅನುಗ್ರಹಕ್ಕಾಗಿ ತನ್ನ ವಸ್ತುವನ್ನು ಬಿಟ್ಟುಕೊಡುವುದೇ ದಾನ. ತಾಯಿಯ ಟ್ರಂಕನ್ನು ಮಗ ದಾನ ಮಾಡಲಾರ, ತಾಯಿಯೇ ಮಾಡಬೇಕು.

ಆದುದರಿಂದ ಮನೆಯನ್ನು ತೆರವುಗೊಳಿಸಲು ಹೊರಟವರು ತಮ್ಮ ಕಪಾಟಿನಿಂದ ಆರಂಭಿಸುವುದು ಧರ್ಮ. ತಂದೆಯ ಹಳೆಯ ಪತ್ರಿಕೆಗಳ ಕಟ್ಟನ್ನು ನೋಡಿ ಬೇಸರಗೊಳ್ಳುವ ಮಗ, ತನ್ನ ಮೇಜಿನ ಖಾನೆಯಲ್ಲಿರುವ ಮೂರು ಹಳೆಯ ಮೊಬೈಲುಗಳನ್ನು ಮೊದಲು ನೋಡಲಿ. ಹಿರಿಯರ ಪಕ್ಕದಲ್ಲಿ ಕುಳಿತು, ಒಂದೊಂದು ವಸ್ತುವಿನ ಕಥೆಯನ್ನು ಕೇಳಿ, ಹೆಸರು ಊರು ವರ್ಷಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡರೆ, ಎಷ್ಟೋ ಸಲ ಅವರೇ ‘ಇನ್ನು ಇದು ಯಾಕೆ, ಯಾರಿಗಾದರೂ ಕೊಡು’ ಎನ್ನುತ್ತಾರೆ. ಅವರು ಹಿಡಿದುಕೊಂಡಿದ್ದುದು ಹಂಡೆಯನ್ನಲ್ಲ, ಹೇಳದೆ ಉಳಿದ ಮಾತನ್ನು. ಮಾತನ್ನು ಕೇಳಿಸಿಕೊಂಡವರು ದೊರೆತಾಗ ಮೂರ್ಛೆ ತಾನಾಗಿ ಸಡಿಲವಾಗುತ್ತದೆ.

ಹಿರಿಯರು ತೀರಿಕೊಂಡ ಮೇಲೆ ಪಾತ್ರೆಗಳನ್ನು ಹಂಚಿಕೊಳ್ಳುವಾಗ ಅಣ್ಣತಮ್ಮಂದಿರು ಮುನಿಸಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಅಲ್ಲಿ ಜಗಳ ಕಂಚಿನ ಬೆಲೆಗೆ ಆಗಿರುವುದಿಲ್ಲ. ಅವ್ವನಿಗೆ ಯಾರು ಹೆಚ್ಚು ಬೇಕಾಗಿದ್ದರು ಎಂಬ ಕೇಳದ ಪ್ರಶ್ನೆಗೆ ಆಗಿರುತ್ತದೆ. ಬದುಕಿರುವಾಗಲೇ ತಮ್ಮ ಕೈಯಾರೆ ಹಂಚಿಹೋಗುವ ಹಿರಿಯರು ಮಕ್ಕಳಿಗೆ ಬಿಟ್ಟುಹೋಗುವ ದೊಡ್ಡ ಆಸ್ತಿ ಶಾಂತಿ.

ಉಳಿಸಬೇಕಾದುದು ಯಾವುದು?

ಅಪರಿಗ್ರಹವೆಂದರೆ ಎಲ್ಲವನ್ನೂ ಎಸೆಯುವುದೆಂದು ತಿಳಿದರೆ ಅದೂ ತಪ್ಪೇ. ಮೂಡಬಿದಿರೆಯ ಗುರು ಬಸದಿಯಲ್ಲಿ ‘ಷಟ್ಖಂಡಾಗಮ’ದ ಮೇಲಿನ ಧವಲಾ ಟೀಕೆಯ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದರಿಂದಲೇ, 1939ರಿಂದ ಅದು 16 ಸಂಪುಟಗಳಲ್ಲಿ ಮುದ್ರಣಗೊಂಡು ಜಗತ್ತಿಗೆ ದೊರೆಯುವಂತಾಯಿತು. ಹಳೆಯ ಓಲೆಯೆಂದು ಯಾರಾದರೂ ಹೊಳೆಗೆ ಬಿಟ್ಟಿದ್ದರೆ ಜೈನ ಸಿದ್ಧಾಂತದ ಮೂಲವೇ ಕಾಣೆಯಾಗುತ್ತಿತ್ತು. ಅದನ್ನು ಕಾಯ್ದವರು ತಮಗಾಗಿ ಕಾಯಲಿಲ್ಲ. ಮುಂದಿನವರದೆಂದು ಕಾಯ್ದರು. ರಕ್ಷಣೆಗೂ ಸಂಗ್ರಹಕ್ಕೂ ಇರುವ ವ್ಯತ್ಯಾಸ ಇದು.

ಆ ಆಗಮವನ್ನು ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಪೂರ್ಣಗೊಳಿಸಿದ ನೆನಪಿನ ಶ್ರುತಪಂಚಮಿಯಂದು, ಎಂದರೆ ಜ್ಯೇಷ್ಠ ಶುದ್ಧ ಪಂಚಮಿಯಂದು, ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ರೂಢಿಯಿದೆ. ಮನೆಯ ವಸ್ತುಗಳಿಗೂ ಇದೇ ಅಳತೆಗೋಲನ್ನು ಹಿಡಿಯಬಹುದು. ವರ್ಷಕ್ಕೊಮ್ಮೆಯಾದರೂ ಹೊರತೆಗೆದು ಒರೆಸುವಷ್ಟು ಪ್ರೀತಿ ಯಾವುದರ ಮೇಲೆ ಇದೆಯೋ ಅದು ಉಳಿಯಲಿ. ಅಜ್ಜನ ಕೈಬರಹದ ಪತ್ರ, ಮನೆತನದ ಛಾಯಾಚಿತ್ರಗಳು, ಜಮೀನಿನ ಕಾಗದಪತ್ರಗಳು ಒಂದು ಪೆಟ್ಟಿಗೆಯಲ್ಲಿ ಒಪ್ಪವಾಗಿರಲಿ. ಪ್ರೀತಿಯಿದೆಯೆಂದು ಹೇಳುತ್ತ ಇಪ್ಪತ್ತು ವರ್ಷ ಕಣ್ಣೆತ್ತಿಯೂ ನೋಡದೆ ಇದ್ದುದನ್ನು ಮತ್ತೊಮ್ಮೆ ಯೋಚಿಸಬೇಕು.

ಕೊಡುವ ರೀತಿ

ಬೇಡವಾದುದನ್ನು ಕೊಡುವಲ್ಲಿಯೂ ವಿವೇಕ ಬೇಕು. ದಾನದ ಫಲ ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು ಮತ್ತು ಪಡೆಯುವವನು ಎಂಬ ನಾಲ್ಕನ್ನು ಅವಲಂಬಿಸಿ ಹೆಚ್ಚು ಕಡಿಮೆಯಾಗುತ್ತದೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಹರಿದ ಅಂಗಿಯನ್ನು, ಅವಧಿ ಮೀರಿದ ಮಾತ್ರೆಗಳನ್ನು, ಪುಟ ಕಳಚಿದ ಪಠ್ಯಪುಸ್ತಕವನ್ನು ಬಡವರ ಮನೆಗೆ ಸಾಗಿಸಿ ದಾನವೆಂದು ಕರೆದರೆ ನಮ್ಮ ಕಸವನ್ನು ಅವರ ಮನೆಗೆ ವರ್ಗಾಯಿಸಿದಂತಾಯಿತು, ಅಷ್ಟೆ. ಬಟ್ಟೆಯನ್ನು ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಬೇಕು. ಪಾತ್ರೆಯನ್ನು ಬೆಳಗಿ ಕೊಡಬೇಕು. ಬೇಕೇ ಎಂದು ಕೇಳಿ ಕೊಡಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನ ದೊಡ್ಡ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆಯದು. ಹತ್ತನೆಯ ಶತಮಾನದ ಆ ಮಹಾತಾಯಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ನಮ್ಮ ಕಪಾಟಿನಲ್ಲಿ ಓದಿ ಮುಗಿದ ಪುಸ್ತಕಗಳು ಊರಿನ ಗ್ರಂಥಾಲಯಕ್ಕೋ ಶಾಲೆಗೋ ಹೋದರೆ ಆ ಪರಂಪರೆಯ ಒಂದು ಸಣ್ಣ ಎಳೆಯನ್ನು ನಾವೂ ಹಿಡಿದಂತೆ.

ಅಳತೆಯ ವ್ರತ

ಇಷ್ಟಾದ ಮೇಲೆ ಮುಖ್ಯವಾದುದು ಉಳಿಯುತ್ತದೆ. ತೆರವಾದ ಜಾಗ ಮತ್ತೆ ತುಂಬದಂತೆ ಮಾಡುವುದು ಹೇಗೆ? ವ್ರತದ ಕೆಲಸ ಇಲ್ಲಿಂದ ಆರಂಭ. ಸಮಂತಭದ್ರರು ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಎರಡು ದಾರಿಗಳನ್ನು ತೆರೆದಿಟ್ಟಿದ್ದಾರೆ. ಬದುಕಿರುವವರೆಗೆ ಪಾಲಿಸುವುದು ಯಮ. ಒಂದು ಗೊತ್ತಾದ ಅವಧಿಗೆ ಪಾಲಿಸುವುದು ನಿಯಮ. ಆರಂಭಿಸುವವರಿಗೆ ನಿಯಮವೇ ಒಳ್ಳೆಯದು. ಈ ಚಾತುರ್ಮಾಸ ಮುಗಿಯುವವರೆಗೆ ಹೊಸ ಬಟ್ಟೆ ಕೊಳ್ಳುವುದಿಲ್ಲ ಎಂದೋ, ಈ ವರ್ಷ ಒಂದು ಪಾತ್ರೆ ಬಂದರೆ ಒಂದು ಪಾತ್ರೆ ಹೊರಗೆ ಹೋಗಬೇಕು ಎಂದೋ, ಮನೆಮಂದಿಗೆಲ್ಲ ಇಷ್ಟೇ ಜೊತೆ ಚಪ್ಪಲಿ ಎಂದೋ ಬರೆದಿಟ್ಟುಕೊಳ್ಳಬಹುದು. ಎಣಿಕೆ ದೊಡ್ಡದಿರಲಿ ಚಿಕ್ಕದಿರಲಿ, ಗಡಿಯೊಂದು ಇರಬೇಕು.

ಪರಿಗ್ರಹ ಪರಿಮಾಣ ವ್ರತಕ್ಕೆ ಬರುವ ಐದು ದೋಷಗಳನ್ನೂ ಅವರು ಎಣಿಸಿದ್ದಾರೆ. ಲಾಭಕ್ಕಾಗಿ ಮಿತಿಮೀರಿ ದುಡಿಸುವುದು, ಅತಿಯಾಗಿ ಕೂಡಿಡುವುದು, ಪರರ ಸಂಪತ್ತನ್ನು ಕಂಡು ಬೆರಗಾಗುವುದು, ಅತಿಲೋಭ, ಮಿತಿಮೀರಿ ಭಾರ ಹೊರಿಸುವುದು. ಮೂರನೆಯದನ್ನು ಇಂದಿನವರು ಎರಡು ಬಾರಿ ಓದಬೇಕು. ನೆರೆಮನೆಯ ಸೋಫಾ ನೋಡಿದ ಸಂಜೆಯಿಂದ ನಮ್ಮ ಮನೆಯದು ಹಳತಾಗಿ ಕಾಣುತ್ತದೆ. ಕೈಯಲ್ಲಿರುವ ಮೊಬೈಲು ದಿನವಿಡೀ ಇನ್ನೊಬ್ಬರ ಮನೆಗಳನ್ನು ತೋರಿಸುತ್ತದೆ. ಬೆರಗಿನಿಂದ ಬಯಕೆ, ಬಯಕೆಯಿಂದ ಸಂಗ್ರಹ. ಮನೆಯ ಬಾಗಿಲನ್ನು ಕಾಯುವ ಮೊದಲು ಕಣ್ಣನ್ನು ಕಾಯಬೇಕೆಂಬ ಸೂಚನೆ ಆ ಒಂದು ಪದದಲ್ಲಿದೆ.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಪರಿಗ್ರಹ ತ್ಯಾಗ ಬರುವುದು ಒಂಬತ್ತನೆಯ ಮೆಟ್ಟಿಲಿನಲ್ಲಿ. ಅಲ್ಲಿಯವರೆಗೆ ಎಂಟು ಮೆಟ್ಟಿಲುಗಳ ಸಾಧನೆಯಿದೆ. ಒಂದೇ ವಾರದಲ್ಲಿ ವಿರಾಗಿಯಾಗುವ ಆತುರವನ್ನು ಶಾಸ್ತ್ರ ಯಾರಿಂದಲೂ ನಿರೀಕ್ಷಿಸಿಲ್ಲ. ರತ್ನಾಕರವರ್ಣಿಯ ‘ಭರತೇಶ ವೈಭವ’ದ ಭರತ ಚಕ್ರವರ್ತಿ ಅರಮನೆಯ ನಡುವೆ ಇದ್ದೇ ಆತ್ಮಧ್ಯಾನವನ್ನು ಬಿಡದವನು. ಇತ್ತ ಬಾಹುಬಲಿ ಎಲ್ಲವನ್ನೂ ತೊರೆದು, ಬಳ್ಳಿ ಹಬ್ಬುವವರೆಗೆ ನಿಂತರೂ, ಅಣ್ಣನ ನೆಲದ ಮೇಲೆ ನಿಂತಿರುವೆನೆಂಬ ಒಂದು ಮುಳ್ಳು ಒಳಗೆ ಉಳಿದಿತ್ತೆಂದೂ, ಭರತನು ಬಂದು ನಮಿಸಿದ ಮೇಲೆಯೇ ಕೇವಲಜ್ಞಾನವಾಯಿತೆಂದೂ ಕನ್ನಡ ನಾಡಿನ ಜನ ಹೇಳುತ್ತ ಬಂದಿದ್ದಾರೆ. ಅಚ್ಚುಕಟ್ಟಾದ ಮನೆಯೂ ಅಂತಹ ಮುಳ್ಳಾಗಬಹುದು. ‘ನಮ್ಮ ಮನೆಯಲ್ಲಿ ಒಂದು ಹೆಚ್ಚಿನ ವಸ್ತುವಿಲ್ಲ’ ಎಂಬ ಹೆಮ್ಮೆ ಅಟ್ಟದಲ್ಲಿ ಜಾಗ ಹಿಡಿಯುವುದಿಲ್ಲ. ಹಿಡಿಯುವ ಜಾಗವೇ ಬೇರೆ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗಕ್ಕೆ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯಕ್ಕೆ ಮೀಸಲು. ಮೊದಲು ಕೊಡುವುದು, ಆಮೇಲೆ, ಕೊಟ್ಟುದೂ ಉಳಿದುದೂ ನನ್ನದಾಗಿರಲಿಲ್ಲವೆಂದು ಅರಿಯುವುದು. ಈ ಎರಡು ದಿನಗಳ ನಡುವೆ ಇರುವುದು ಒಂದು ರಾತ್ರಿ. ಅದನ್ನು ದಾಟಲು ಕೆಲವರಿಗೆ ಒಂದು ಆಯುಷ್ಯವೇ ಬೇಕಾಗುತ್ತದೆ. ಈ ಭಾನುವಾರ ಒಂದು ಕಪಾಟಿನ ಬಾಗಿಲನ್ನು ತೆರೆದರೆ ಆ ಪಯಣ ಆರಂಭವಾದಂತೆ. ಆ ಕಪಾಟು ನಮ್ಮದೇ ಆಗಿರಲಿ.